ತುಂಬಿದ ಕೊಡದ ಚಿತ್ರ

ಪುಣೆಯ ತಕ್ತೆ.
ಸುರುಳಿ ಸುತ್ತಿ, ರಬ್ಬರು ಹಾಕಿಸಿಕೊಂಡು
ಜತ್ತದ ಬಸ್ಸಿನಲ್ಲಿ ಕಂಡಕ್ಟರನ ಪಕ್ಕ ಕೂತು ಬಂತು.
ಬಿಚ್ಚಿದರೆ ಚಿತ್ರವೇನೋ ಎಲ್ಲರದೂ,
ಕೆಳಗಿನ ಮಾತು ಮರಾಠಿ.

ಕನ್ನಡದ್ದು ಕೊಡಿ ಎಂದು ಬರೆದ ಅರ್ಜಿಗೆ
ಎರಡು ಮಳೆಗಾಲ ಕಳೆದರೂ ಉತ್ತರವಿಲ್ಲ.
ಹಳೆ ಹಾಜರಿ ಪುಸ್ತಕ ಕತ್ತರಿಸಿ, ಜಾಲಿಯ ಅಂಟು ಕಲಸಿ
ನಾನೇ ಹಚ್ಚಿದೆ ಒಂದೊಂದಕ್ಕೆ ಕನ್ನಡದ ಚೀಟಿ.
ಏ ಅಕ್ಷರದ ಏಡಕಾನ ಕೊರಳಿಗೆ ಟಗರು ಎಂದು,
ಉ ಅಕ್ಷರದ ಉಖಳದ ಬುಡಕ್ಕೆ ಒರಳು ಎಂದು.
ಅಕ್ಷರದ ಸಾಲು ಹಳ್ಳ ಹಿಡಿಯಿತು,
ಟಗರು ಮಾತ್ರ ಟಗರೇ.

ಆ ಎಂಬಲ್ಲಿ ಒಬ್ಬಾಕೆ. ಹಸಿರು ಸೀರೆ, ಕಂಕುಳಲ್ಲಿ ಕೂಸು.
ಚೀಟಿ ಹಚ್ಚುವ ಮೊದಲೇ ಓದಿಬಿಟ್ಟಳು ಸುರೇಖಾ: ಆಯಿ.
"ಈಕಿ ಆಯಿ ಹೆಂಗ ಆಗ್ತಾಳ್ರಿ ಬಾಯಾರ?
ನಮ್ಮಾಯಿ ತಲ್ಯಾಗ ಒಂದರೆ ಕರೇ ಕೂದ್ಲಾ ಐತೇನು?"
ನಮ್ಮ ಓಣಿಯಲ್ಲಿ ಆಯಿ ಅಂದರೆ ಅಜ್ಜಿ,
ಆಚೆ ಓಣಿಯಲ್ಲಿ ತಾಯಿ.
ನಡುವೆ ಒಂದು ತಲೆಮಾರು, ಒಂದು ಗಟಾರು.

ಮಾರ್ಚಿನ ಬಿಸಿಲಿಗೆ ಅಂಟು ಒಣಗಿ ಚೀಟಿಗಳು ಏಳುತ್ತವೆ.
ಗಡಿಯಾರದ್ದು ನಟ್ಟನಡುವೆ ಸೀಳಿತ್ತು.
ಒಂದನೆಯ ಸಾಲಿನ ಕಾಂತು ಬೆರಳಿಟ್ಟು ಓದಿದ:
ಗಡಿ. ಯಾರ.
ಯಾರೂ ನಗಲಿಲ್ಲ. ಊಟದ ಗಂಟೆ ಹೊಡೆಯಿತು.

ಗಾದೆಗೆ ಪುಣೆಯ ಹಂಗೇಕೆ ಎಂದು
ಮದುವೆ ಕಾರ್ಡುಗಳ ಬೆನ್ನ ಮೇಲೆ ನಾನೇ ಬರೆದೆ ಚಿತ್ರ.
ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡವನನ್ನು ಎತ್ತಿ ಹಿಡಿದು
ಇವ ಯಾರು ಅಂದೆ. ದಸ್ತಗೀರನ ಕೈ ಮೊದಲು ಎದ್ದಿತು.
"ಹಮಾಲ್ರಿ. ಸಾಂಗಲಿ ಪ್ಯಾಟ್ಯಾಗ ಚೀಲಾ ಹೊತ್ತು ಬಂದಾನ.
ನಮ್ಮ ಅಬ್ಬಾನೂ ರಾತ್ರಿ ಹಿಂಗ ಹೆಗಲಾ ಹಿಡಕೊಂಡ ಕುಂಡರ್ತಾನ."
ಆ ಮೇಲೆ ಆ ಮುಖಕ್ಕೆ ಕಳ್ಳ ಅನ್ನಲು ನಾಲಿಗೆ ಏಳಲಿಲ್ಲ.
ಕಾರ್ಡನ್ನು ಕಟ್ಟಿನ ಅಡಿಗೆ ಸೇರಿಸಿದೆ.

ಮುಂದಿನದು ಸುಲಭ:
ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು ನಡೆವ ಹೆಂಗಸು.
ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿಸಿದೆ,
ತಿಳಿದವರು ಮೆರೆಯುವುದಿಲ್ಲ ಎಂದು ಅರ್ಥ ಬಿಡಿಸಿದೆ.
ಹಿಂದಿನ ಸಾಲಿನಲ್ಲಿ ಮಾಯಕ್ಕ ಎದ್ದು ನಿಂತಳು,
ಟ್ಯಾಂಕರು ಬಂದ ದಿನ ಮೂರನೆಯ ತಾಸಿಗೆ ಬರುವ ಹುಡುಗಿ.
ಅಂಗಿಯ ಬೆನ್ನು ಇನ್ನೂ ಹಸಿ.

"ತುಳುಕತೈತ್ರಿ."

"ಏನು?"

"ತುಂಬಿದ್ದ ತುಳುಕತೈತ್ರಿ ಬಾಯಾರ.
ಅರ್ಧ ಕೊಡಾ ಬರೇ ಸಪ್ಪಳಾ ಮಾಡತೈತಿ.
ತುಂಬಿದ್ದರಾಗ ಬೇವಿನ ಟೊಂಗಿ ಹಾಕಬೇಕು,
ಅಂದ್ರ ಸುಮ್ಕ ಇರತೈತಿ.
ಮತ್ತ ಹಿಂಗ ಕೈ ಬಿಟ್ಟ ಯಾರ್ ನಡೀತಾರ್ರಿ?"
ನನ್ನ ಪೆನ್ನು ತಗೊಂಡು ತಿದ್ದಿಯೇ ಬಿಟ್ಟಳು.
ಕೊಡದ ಬಾಯಿಗೆ ಐದು ಎಲೆ.
ಹೆಂಗಸಿಗೆ ಹೊಸದೊಂದು ಕೈ, ಅಂಚು ಹಿಡಿದದ್ದು.
ಹಳೆಯವೂ ಹಾಗೇ ಉಳಿದವು, ಒಟ್ಟು ಮೂರು.

ತಪಾಸಣೆಗೆ ಬಂದ ಸಾಹೇಬರಿಗೆ ಕನ್ನಡದ ಗಂಧವಿಲ್ಲ.
ಗೋಡೆಯ ಆ ಕಾರ್ಡಿನ ಮುಂದೆ ನಿಂತರು,
ಚಷ್ಮಾ ಒರೆಸಿ ಹಾಕಿಕೊಂಡರು.
"ಲಿಂಬಾಚಾ ಪಾಲಾ," ಅಂದರು, ತಮಗೆ ತಾವೇ ಎಂಬಂತೆ.
ಬೇವಿನ ಟೊಂಗಿ, ಎಂದಳು ಮಾಯಕ್ಕ.
ತಾಸಗಾಂವ ಕಡೆ ಅವರ ಆಯಿಯೂ ಹಾಕುತ್ತಿದ್ದಳಂತೆ.
ಅಜ್ಜಿಯೋ ತಾಯಿಯೋ, ಯಾರೂ ಕೇಳಲಿಲ್ಲ.
ಪುಸ್ತಕದಲ್ಲಿ ಅವರು ಬರೆದು ಹೋದದ್ದು ಇಷ್ಟೆ:
ತಕ್ತೆ ಹರಿದಿದೆ, ಹೊಸದು ತರಿಸುವುದು.

ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಲು ನಾಲ್ಕು ಅಂಕ.
ಮಾಯಕ್ಕ ಬರೆದದ್ದು ಒಂದೇ ಸಾಲು, ಪಕ್ಕದಲ್ಲೊಂದು ಎಲೆ.
ಮಾದರಿ ಉತ್ತರದ ಪ್ರಕಾರ ಸೊನ್ನೆ.
ಮೂರು ಕೊಟ್ಟೆ.

ಒಂದನ್ನು ಯಾಕೆ ಹಿಡಿದೆನೆಂದರೆ
ಟೊಂಗೆಯನ್ನು ಟೊಂಗಿ ಎಂದು ಬರೆದಿದ್ದಳು.
ಮನೆಯಲ್ಲಿ ನಾನೂ ಟೊಂಗಿ ಎಂದೇ ಅನ್ನುತ್ತೇನೆ.